ದರ್ಜಿಯ ಪೇಸ್‌ಮೇಕರ್

ಬೆಳಿಗ್ಗೆ ಹನ್ನೊಂದಕ್ಕೆ ನಾನು, ತೀರಿಕೊಂಡ ದರ್ಜಿಯ ಎದೆಯಿಂದ ತೆಗೆದ ಪೇಸ್‌ಮೇಕರ್ ತನ್ನೊಳಗೆ ಉಳಿಸಿಕೊಂಡಿದ್ದ ಬಡಿತದ ದಾಖಲೆ ಓದುತ್ತಿದ್ದೆ. ಅವರು ಬದುಕಿದ್ದಾಗ ಅದನ್ನು ತಪಾಸಣೆ ಮಾಡುತ್ತಿದ್ದವನೂ ನಾನೇ.

“ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತೆ ಸಾರ್. ಬರೀ ಕೂರಿಸಿ ನೋಡ್ತೀರಲ್ಲ, ಒಂದ್ಸಲ ನಡೆಸಿ ನೋಡಿ,” ಎಂದಿದ್ದರು.

“ಅರವತ್ತು ಬಡೀತಿದೆ, ಗಡಿಯಾರದ ಹಾಗೆ. ಹೋಗಿ ಹೊಲಿಗೆ ನೋಡ್ಕೊಳ್ಳಿ,” ಎಂದು ನಕ್ಕಿದ್ದೆ.

ನಡೆದಾಡುವಾಗ ಬಡಿತ ಏರಿಸುವ ಸೌಲಭ್ಯವನ್ನು ನಾನು ಆನ್ ಮಾಡಿರಲೇ ಇಲ್ಲ.

ದಾಖಲೆಯಲ್ಲಿ ಸಾಯುವವರೆಗೂ ಅರವತ್ತೇ ಇದೆ. ಆಮೇಲಿನ ಒಂಬತ್ತು ದಿನ ಪೇಸ್‌ಮೇಕರ್ ನನ್ನ ಡ್ರಾಯರ್‌ನಲ್ಲಿ, ಬೀಗದೊಳಗಿತ್ತು. ಪ್ರತಿದಿನ ಹನ್ನೊಂದಕ್ಕೆ ನಾಲ್ಕು ನಿಮಿಷ ಅದು ನೂರಹತ್ತಕ್ಕೆ ಏರಿದೆ. ಹನ್ನೊಂದರ ತಪಾಸಣೆಗೆ ಬರುವಾಗ ನಮ್ಮ ಆಸ್ಪತ್ರೆಯ ಮೂರು ಮಹಡಿ ಹತ್ತಲು ಅವರಿಗೆ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಮುಟ್ಟಿದರೆ ಲೋಹ ಬೆಚ್ಚಗಿತ್ತು. ಆ ಸೌಲಭ್ಯ ಇನ್ನೂ ಆಫ್ ಆಗಿಯೇ ಇತ್ತು.

‘ಪೇಸ್‌ಮೇಕರ್‌ನಲ್ಲಿ ದೋಷವಿಲ್ಲ’ ಎಂದು ಬರೆದು, ಅವರ ಹೆಂಡತಿಗೆ ಕೊಡುವ ವರದಿಗೆ ಸಹಿ ಹಾಕಿದೆ.