ಐದೂ ಮುಕ್ಕಾಲಿನ ಸದ್ದು

ಐದೂ ಮುಕ್ಕಾಲಿಗೆ ಸರಿಯಾಗಿ ಕಂಪ್ಯೂಟರ್ ನರಳಿತು.

ಸುಗುಣಾ ಫೋನನ್ನು ಅದರ ಹತ್ತಿರ ಹಿಡಿದಳು. “ಕೇಳಿಸ್ತಾ? ಡಿಸ್ಕ್ ಡ್ರೈವ್‌ನಿಂದ ಬರ್ತಿದೆ.”

ಹೆಲ್ಪ್‌ಲೈನಿನ ಹೆಣ್ಣುದನಿ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಡ್ರೈವರ್ ರೋಲ್‌ಬ್ಯಾಕ್ ಮಾಡಿ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿತು. ಇದು ಮೂರನೆಯ ಕಾಲ್. ಮೂರರಲ್ಲೂ ಸುಗುಣಾಗೆ ಅರ್ಥವಾದದ್ದು ಕೊನೆಯ ಥ್ಯಾಂಕ್ಯೂ ಒಂದೇ.

ಮಾರನೆಯ ದಿನ ಇನ್ಶೂರೆನ್ಸ್ ಆಫೀಸಿನಲ್ಲಿ ಪಕ್ಕದ ಸೀಟಿನ ಸರಸ ಒಂದು ನಂಬರ್ ಕೊಟ್ಟಳು. “ಕೃಷ್ಣಪ್ರಸಾದ ಅಂತ. ತ್ರಿಪ್ಲಿಕೇನ್‌ನಲ್ಲಿ ರಿಪೇರಿ ಅಂಗಡಿ. ಕನ್ನಡದವರೇ, ಅರ್ಥ ಆಗೋ ಹಾಗೆ ಹೇಳ್ತಾರೆ.”

ಫೋನ್ ಎತ್ತಿದವನು ಮೊದಲು ಕೇಳಿದ್ದೇ ಬೇರೆ. “ಮೇಡಂ, ಅದು ಗೊಣಗುತ್ತಾ, ಕಿರುಚುತ್ತಾ?”

“ನರಳುತ್ತೆ. ದಿನಾ ಸಂಜೆ ಐದೂ ಮುಕ್ಕಾಲಿಗೆ. ಒಂದೇ ಸಲ.”

“ಶರಿ. ಶನಿವಾರ ಐದೂವರೆಗೆ ಬರ್ತೀನಿ. ಕಾಫಿ ಸಿಗುತ್ತೆ ತಾನೆ?”

ಪುರಸೈವಾಕ್ಕಂನ ಆ ಮೂರನೆಯ ಮಹಡಿಯ ಮನೆಗೆ ಎರಡು ವರ್ಷದಿಂದ ಕಾಫಿ ಕೇಳಿಕೊಂಡು ಯಾರೂ ಬಂದಿರಲಿಲ್ಲ.

ಬಂದವನಿಗೆ ನಲವತ್ತರ ಆಸುಪಾಸು. ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು, ದಾರ ಕಟ್ಟಿದ ಕನ್ನಡಕ. ಮಾತಿನಲ್ಲಿ ತಮಿಳು ಧಾರಾಳವಾಗಿ ಬೆರೆಯುತ್ತಿತ್ತು. “ನಮ್ಮಜ್ಜಿ ಕಾಲದಿಂದ ಇಲ್ಲೇ ಇದೀವಿ. ಆದ್ರೂ ಮನೇಲಿ ಕನ್ನಡ ಬಿಟ್ಟು ಬೇರೆ ಮಾತಾಡಿದ್ರೆ ಅಜ್ಜಿ ತಟ್ಟೆಗೆ ಸಾಪ್ಪಾಡು ಹಾಕ್ತಿರ್ಲಿಲ್ಲ” ಎಂದ. ಕಾಫಿ ಲೋಟದ ಮೇಲಿನಿಂದ ಅವಳನ್ನು ನೋಡಿದ, ಅವಳು ನೋಡಿದಾಗ ಲೋಟವನ್ನು ನೋಡಿದ.

ಐದೂ ಮುಕ್ಕಾಲಾಯಿತು. ಡ್ರೈವ್ ನರಳಿತು. ಅವನು ತಲೆ ಬಾಗಿಸಿ, ಕಾಯಿಲೆಯವರ ಎದೆಬಡಿತ ಕೇಳುವ ಹಾಗೆ ಕೇಳಿಸಿಕೊಂಡ.

“ಸಿ.ಡಿ. ಇಡೋ ಟ್ರೇ ಇದೆಯಲ್ಲ, ಅದನ್ನ ಹೊರಗೆ ತಳ್ಳೋಕೆ ಒಳಗೊಂದು ಪುಟ್ಟ ಹಲ್ಲಿನ ಚಕ್ರ ಇದೆ. ಅದು ತಳ್ತಾ ಇದೆ, ಟ್ರೇಗೆ ಏನೋ ಅಂಟ್ಕೊಂಡಿದೆ. ಬಾಗಿಲು ಸಿಕ್ಕಾಕ್ಕೊಂಡಾಗ ನಾವು ಭುಜ ಕೊಡ್ತೀವಲ್ಲ, ಹಾಗೆ. ಇಲ್ಲೊಂದು ತೂತಿದೆ ನೋಡಿ. ಪಿನ್ ಹಾಕಿ ಒತ್ತಿದ್ರೆ ತೆರ್ಕೊಳ್ಳುತ್ತೆ.”

ಎಲ್ಲವೂ ಅರ್ಥವಾಯಿತು. ಅರ್ಥವಾದದ್ದರಿಂದಲೇ ಅವಳಿಗೆ ಭಯವಾಯಿತು.

“ತೆಗೀಬೇಡಿ” ಎಂದಳು.

ಅವನು ಯಾಕೆಂದು ಕೇಳಲಿಲ್ಲ. “ಹಾಗಾದ್ರೆ ಮುಂದಿನ ವಾರ ಇನ್ನೊಂದ್ಸಲ ಕೇಳಿ ನೋಡೋಣ” ಎಂದ.

ಮುಂದಿನ ಶನಿವಾರ ಬಂದ. ಅದರ ಮುಂದಿನ ಶನಿವಾರವೂ ಬಂದ. ಕಾಫಿ ಕುಡಿಯುತ್ತಿದ್ದ, ಸದ್ದು ಕೇಳುತ್ತಿದ್ದ, ಹೋಗುತ್ತಿದ್ದ. ಅವನು ಹೋದ ಮೇಲೆ ಮನೆಯ ಮೌನ ಮೊದಲಿಗಿಂತ ದೊಡ್ಡದಾಗುತ್ತಿತ್ತು. ಶುಕ್ರವಾರವೇ ಕಾಫಿಪುಡಿ ಇದೆಯೋ ಇಲ್ಲವೋ ಎಂದು ಡಬ್ಬಿ ತೆರೆದು ನೋಡುವ ತನ್ನ ಮೇಲೆ ಸುಗುಣಾಗೆ ಸಿಟ್ಟು ಬರುತ್ತಿತ್ತು. ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಗಂಡ ಉದಯ್ ಎಲ್ಲವನ್ನೂ ನೋಡುತ್ತಿದ್ದಾನೆ ಅನ್ನಿಸುತ್ತಿತ್ತು.

ನಾಲ್ಕನೆಯ ಶನಿವಾರ ಅವನು ಐದಕ್ಕೇ ಬಂದ. ಅವಳೇ ಹೇಳಿದಳು.

ಉದಯ್ ಇದ್ದಾಗ ಅವಳು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಆ ಟ್ರೇ ತಾನಾಗಿ ಹೊರಗೆ ಬರುತ್ತಿತ್ತು. ಅವನು ಮನೆಯಲ್ಲಿ ಇರಲಿ, ಬಿಡಲಿ. ಅದರ ಮೇಲೆ ಒಂದು ಮಲ್ಲಿಗೆಯೋ ಒಂದು ಚೀಟಿಯೋ ಇರುತ್ತಿತ್ತು. ಬೆಳಿಗ್ಗೆ ಜಗಳವಾಗಿದ್ದರೆ ಮಾತ್ರ ಎಳ್ಳು ಚಿಕ್ಕಿ. ಸೌಕಾರ್‌ಪೇಟೆಯಲ್ಲಿ ಸಿಗುವ, ಹಪ್ಪಳದಷ್ಟು ತೆಳ್ಳನೆಯದು. ಅವರ ಮನೆಯಲ್ಲಿ ಸಂಕ್ರಾಂತಿ ವರ್ಷಕ್ಕೆ ಹತ್ತು ಸಲ ಬರುತ್ತಿತ್ತು. ಟ್ರೇ ಹೇಗೆ ತೆರೆಯುತ್ತದೆ ಎಂದರೆ ನಗುತ್ತಿದ್ದನೇ ಹೊರತು ಹೇಳುತ್ತಿರಲಿಲ್ಲ. ಕಂಪ್ಯೂಟರ್ ಆಫ್ ಮಾಡಬೇಡ ಎನ್ನುತ್ತಿದ್ದ, ಅಷ್ಟೇ.

“ಕೊನೇ ದಿನ ಜಗಳ ಆಗಿತ್ತು” ಎಂದಳು. “ರೈಲ್ವೇಲಿದ್ದೂ ಮೈಸೂರಿಗೆ ಎರಡು ಟಿಕೆಟ್ ತೆಗೆಯೋಕೆ ಮರ್ತಿದ್ರು. ನಾನು ಮಾತೂ ಆಡದೆ ಹೊರಟ್ಹೋದೆ. ಮಧ್ಯಾಹ್ನ ಅವ್ರ ಆಫೀಸಿಂದ ಫೋನ್ ಬಂತು. ಹಾರ್ಟು. ನಾನು ಸೀದಾ ಆಸ್ಪತ್ರೆಗೆ ಹೋದೆ. ಸಂಜೆ ಆಗೋ ಮೊದಲೇ ಯಾರೋ ಮನೆಗೆ ಬಂದು ಕಂಪ್ಯೂಟರ್ ಆಫ್ ಮಾಡಿ ಬಟ್ಟೆ ಹೊದಿಸಿದ್ರು. ಈಗ ಹಳೇ ಫೋಟೋ ಹುಡುಕೋಕೆ ಅಂತ ಆನ್ ಮಾಡ್ದೆ, ಅವತ್ತಿಂದ ಇದು ನರಳ್ತಿದೆ. ಅವ್ರಿಗೆ ಇನ್ನೂ ಕೋಪ ಇದೆ ಪ್ರಸಾದ್ ಅವ್ರೇ. ತೆಗೆದಾಗ ಟ್ರೇ ಖಾಲಿ ಇದ್ರೆ ನಾನೇನು ಮಾಡ್ಲಿ?”

ಪ್ರಸಾದ್ ಲೋಟ ಕೆಳಗಿಟ್ಟ. “ಖಾಲಿ ಟ್ರೇ ನರಳಲ್ಲ” ಎಂದ ಮೆಲ್ಲಗೆ.

ಸುಗುಣಾ ಸೆರಗಿನ ಸೇಫ್ಟಿ ಪಿನ್ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ಬೆರಳಿಗೆ ಬೆರಳು ತಾಕಿತು. ಇಬ್ಬರೂ ತಾಕಲಿಲ್ಲವೆಂಬಂತೆ ಇದ್ದರು.

ಅವನು ಕಂಪ್ಯೂಟರ್ ಆಫ್ ಮಾಡಿ, ಪಿನ್ನನ್ನು ನೆಟ್ಟಗೆ ಮಾಡಿ ತೂತಿಗೆ ಒತ್ತಿದ. ಟ್ರೇ ಬೆರಳಗಲ ಬಂದು ನಿಂತಿತು. ಉಗುರಿನಿಂದ ಎಳೆದ. ಅದರ ಮೇಲೆ ತೆಳು ಕಾಗದದಲ್ಲಿ ಸುತ್ತಿದ ಒಂದು ಚೌಕ ಎಳ್ಳು ಚಿಕ್ಕಿ. ಎರಡು ಬೇಸಿಗೆಯ ಸೆಕೆಗೆ ಬೆಲ್ಲ ಕರಗಿ, ಹರಿದು, ಅಂಚಿಗೆಲ್ಲ ಅಂಟಿಕೊಂಡಿತ್ತು.

ಸುಗುಣಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಪ್ರಸಾದ್ ಒದ್ದೆ ಬಟ್ಟೆಯಿಂದ ಟ್ರೇ ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ ಕೂತ.

ಆಮೇಲೆ ಕಂಪ್ಯೂಟರ್ ಆನ್ ಮಾಡಿ ಒಂದು ಪಟ್ಟಿ ತೋರಿಸಿದ. “ಇದು ಅಲಾರಂ ಇಟ್ಟ ಹಾಗೆ. ದಿನಾ ಐದೂ ಮುಕ್ಕಾಲಿಗೆ ಟ್ರೇ ತೆರಿ ಅಂತ ಬರೆದಿದಾರೆ. ಹೆಸರು ಕೂಡ ಕೊಟ್ಟಿದಾರೆ. ಸುಗ್ಗಿ.”

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಒಬ್ಬನೇ.

“ಹಾಗಾದ್ರೆ ಅವ್ರು ಇಲ್ಲಿಲ್ಲ?”

“ಅವ್ರಿಲ್ಲ. ಅವ್ರು ಹೇಳಿದ ಮಾತಿದೆ. ಮಿಷನ್ನು ಮರ್ತಿಲ್ಲ, ಅಷ್ಟೇ ತಾನೆ.” ಮೌಸ್ ಮೇಲೆ ಕೈಯಿಟ್ಟು ಕೇಳಿದ. “ಅಳಿಸ್ಲಾ?”

ಅಷ್ಟರಲ್ಲಿ ಐದೂ ಮುಕ್ಕಾಲಾಯಿತು. ಟ್ರೇ ಸದ್ದಿಲ್ಲದೆ ಹೊರಗೆ ಬಂದು ನಿಂತಿತು. ಇಬ್ಬರೂ ಅದನ್ನೇ ನೋಡಿದರು. ಅವಳು ಅಂಗೈಯಿಂದ ಮೆಲ್ಲಗೆ ಒಳಗೆ ತಳ್ಳಿದಳು.

“ಬೇಡ. ಇದು ಅವ್ರದ್ದು, ಇರ್ಲಿ.” ಕಣ್ಣೊರೆಸಿಕೊಂಡಳು. “ಒಂದು ಮಾತು ಕೇಳ್ತೀನಿ. ಒಂದೇ ಸದ್ದನ್ನ ನಾಲ್ಕು ವಾರ ಯಾಕೆ ಕೇಳಿದ್ರಿ?”

ಅವನು ಕನ್ನಡಕ ತೆಗೆದ. ತೆಗೆದ ಮೇಲೆ ಅವನ ಕಣ್ಣಿಗೆ ಅಡಗಲು ಜಾಗವಿರಲಿಲ್ಲ. “ಸದ್ದು ಕೇಳೋಕೆ ಬರ್ತಿದ್ದೆ ಅಂದ್ಕೊಂಡ್ರಾ, ಸುಗುಣಾ ಅವ್ರೇ?”

ಕೆಳಗಿನ ಬೀದಿಯಲ್ಲಿ ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು. ಸುಗುಣಾ ಫೋಟೋದ ಕಡೆ ನೋಡಿದಳು. ಉದಯ್ ನಗುತ್ತಿದ್ದ, ಗುಟ್ಟು ಹೇಳದೆ ನಗುತ್ತಿದ್ದ ಹಾಗೆಯೇ.

“ಇನ್ನೊಂದು ಅಲಾರಂ ಹಾಕೋಕಾಗುತ್ತಾ? ಆರು ಗಂಟೆಗೆ?”

“ಆಮಾಂ, ಆಗುತ್ತೆ.” ಅವನು ಕನ್ನಡಕ ಹಾಕಿಕೊಂಡ. “ಹೆಸರೇನು ಕೊಡ್ಲಿ?”

“ನಿಮ್ಮದೇ ಕೊಡಿ.”

ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನು ತನ್ನ ಹೆಸರನ್ನು ಮೂರು ಸಲ ತಪ್ಪು ಟೈಪ್ ಮಾಡಿದ. ಆರು ಗಂಟೆಗೆ ಟ್ರೇ ಹೊರಗೆ ಬಂದಾಗ ಗಡಿಬಿಡಿಯಲ್ಲಿ ಜೇಬು ತಡಕಿದ. ಸಿಕ್ಕಿದ್ದು ಒಂದು ಸ್ಕ್ರೂ. ಅದನ್ನೇ ಇಟ್ಟ. ಸುಗುಣಾ ಎರಡು ವರ್ಷದ ಮೇಲೆ ಬಾಯಿ ತುಂಬ ನಕ್ಕಳು.

“ನಾಳೆ ಒಳ್ಳೇದು ತರ್ತೀನಿ. ಏನು ತರ್ಲಿ?”

“ಏನಾದ್ರೂ ತನ್ನಿ, ಎಳ್ಳು ಚಿಕ್ಕಿ ಮಾತ್ರ ಬೇಡ” ಎಂದಳು. “ನಾವಿನ್ನೂ ಜಗಳ ಆಡಿಲ್ಲ.”