ಮೂರನೇ ಸಾಕ್ಷಿ

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಧನುಶ್ರೀ ತಂದ ರೇಷ್ಮೆಗೂಡನ್ನು ಹೀಯಾಳಿಸುತ್ತಿದ್ದವನು ಆಫ್ತಾಬ್ ಒಬ್ಬನೇ. ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿ, ಬೇಡವೆಂದು ಕೈ ಬೀಸುತ್ತಿದ್ದ. ಅವಳು ಸಿಡುಕುವುದನ್ನು ಕಣ್ತುಂಬ ನೋಡಿ, ಅದೇ ಗೂಡನ್ನು ಜೇಬಿಗೆ ಹಾಕಿಕೊಂಡು, ಹರಾಜಿನಲ್ಲಿ ಅವಳ ಲಾಟನ್ನೇ ಹಿಡಿಯುತ್ತಿದ್ದ.

“ಬೇಡ ಅಂದ್ಮೇಲೆ ಯಾಕ್ರೀ ತಗೋತೀರಿ?”

“ನಿಮ್ ಕೋಪ ನೋಡಕ್ಕೆ ಕಣ್ರೀ.”

ಅಷ್ಟೇ. ಮುಂದಿನ ಮಾತಿಗೆ ಇಬ್ಬರಿಗೂ ಧೈರ್ಯವಿರಲಿಲ್ಲ. ಅವನು ನೂಲು ತೆಗೆಯುವ ಮುಸ್ಲಿಂ ಮನೆಯ ಹುಡುಗ, ಅವಳು ಕಲ್ಯ ಎಂಬ ಹಳ್ಳಿಯ ಗೌಡರ ಮಗಳು. ಊರಿಗೆ ಗೊತ್ತಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕೇ?

ಆಮೇಲೆ ಅವನ ನೂಲು ಘಟಕದ ಬಾಯ್ಲರ್ ಸಿಡಿಯಿತು. ಗೆಳೆಯ ಮುಕ್ತಿಯಾರ್ ಅಲ್ಲೇ ಸತ್ತ. ಆಫ್ತಾಬ್‌ನ ಮುಖ ಸುಟ್ಟಿತು, ದನಿ ಹೋಯಿತು, ಫೋನೂ ಹೋಯಿತು.

ಒಂದು ಮಧ್ಯಾಹ್ನ ಧನುಶ್ರೀಯ ಫೋನಿಗೆ ಗುರುತಿನ ಆ್ಯಪ್‌ನಿಂದ ಸಂದೇಶ ಬಂತು: ‘ಆಫ್ತಾಬ್ ನಿಮ್ಮನ್ನು ಸಾಕ್ಷಿಯಾಗಿ ಆರಿಸಿದ್ದಾರೆ.’

ಈ ಆ್ಯಪ್‌ನಲ್ಲಿ ಒಬ್ಬರ ಗುರುತು ಯಾವ ಕಚೇರಿಯಲ್ಲೂ ಇರುವುದಿಲ್ಲ, ಅವರವರ ಫೋನಿನಲ್ಲೇ ಇರುತ್ತದೆ. ಫೋನ್ ಹೋದರೆ, ಮೊದಲೇ ಆರಿಸಿಟ್ಟ ಮೂವರಲ್ಲಿ ಇಬ್ಬರು ಎದುರಿಗೆ ಬಂದು ‘ಇವನೇ’ ಎನ್ನಬೇಕು. ಆ ಮೂವರು ಯಾರೆಂದು ಅವರವರಿಗೇ ಪರಸ್ಪರ ತಿಳಿಯದು. ಒಬ್ಬರು ತಾಯಿ ಜಹೀದಾ; ಅವರು ಆಗಲೇ ‘ಹೌದು’ ಒತ್ತಿದ್ದರು. ಇನ್ನೊಬ್ಬ, ಮಣ್ಣಾದ ಮುಕ್ತಿಯಾರ್. ಮೂರನೆಯವಳು ಇವಳು! ಬಾಯಿಬಿಟ್ಟು ಒಂದು ಮಾತು ಹೇಳದ ಪುಣ್ಯಾತ್ಮ ತನ್ನ ಗುರುತನ್ನೇ ಇವಳ ಕೈಗೆ ಕೊಟ್ಟಿದ್ದ. ಅದು ಮರಳದಿದ್ದರೆ ಆಸ್ಪತ್ರೆಯ ಖರ್ಚಿಗೆ ಸರ್ಕಾರದ ನೆರವಿಲ್ಲ; ಗಾಯ ಆಗಲೇ ಕೀವಾಗುತ್ತಿತ್ತು.

ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಧನುಶ್ರೀ ಅವನ ಮನೆ ಬಾಗಿಲು ತಟ್ಟಿದಳು.

“ಯಾರ್ಗೂ ಮುಖ ತೋರ್ಸಲ್ಲ ಅಂತ ಕೈಸನ್ನೆ ಮಾಡ್ತವ್ನಮ್ಮ, ಹೋಗು,” ಎಂದರು ಜಹೀದಾ.

“ಒಸಿ ನೋಡ್ಬುಟ್ಟು ಹೋಯ್ತೀನಮ್ಮ. ಫೋನಿಗೆ ಬಂದೈತೆ, ನಾನೇ ಸಾಕ್ಷಿ.”

ಮಂಚದ ಮೇಲೆ ತಲೆತುಂಬ ಬ್ಯಾಂಡೇಜು. ಒಂದು ಕೈ ಮಾತ್ರ ಸುಡದೆ ಉಳಿದಿತ್ತು. ಹೆಜ್ಜೆ ಸದ್ದಿಗೆ ಅವನು ಗೋಡೆಯ ಕಡೆ ತಿರುಗಿಕೊಂಡ. ಧನುಶ್ರೀ ಮಂಚದ ಹತ್ತಿರ ಹೋದಳು. ಮಲಗಿರುವವನು ಆಫ್ತಾಬನೇ, ಸರಿ. ಆದರೆ ತನ್ನನ್ನು ರೇಗಿಸುತ್ತಿದ್ದ ಆ ಆಫ್ತಾಬ್ ಒಳಗೆ ಉಳಿದಿದ್ದಾನೆಯೇ?

ಬ್ಯಾಗಿನಿಂದ ಒಂದು ಗೂಡು ತೆಗೆದು ಅವನ ಕಿವಿಯ ಹತ್ತಿರ ಅಲುಗಾಡಿಸಿದಳು.

ಅವನ ಸುಡದ ಕೈ ಮೆಲ್ಲಗೆ ಮೇಲೆದ್ದು, ಬೇಡವೆಂದು ಬೀಸಿತು.

“ನೋಡ್ದಾ, ಬೇಡ ಅಂತಾನೆ,” ಜಹೀದಾ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಅದೇ ಕೈ ತಡಕಾಡಿ ಗೂಡನ್ನು ಹಿಡಿಯಿತು. ಜೊತೆಗೆ ಅವಳ ಬೆರಳುಗಳನ್ನೂ.

“ಇವ್ರೇ ಕಣಮ್ಮ!” ಧನುಶ್ರೀ ನಗುತ್ತಲೇ ಅತ್ತುಬಿಟ್ಟಳು. “ಇವ್ರೇ!”

‘ಹೌದು’ ಒತ್ತಿದಳು. ಪರದೆಯ ಮೇಲೆ ಮೂಡಿತು: ‘ಗುರುತು ಮರಳಿದೆ. ಸಾಕ್ಷಿ ನೀವೆಂದು ಯಾರಿಗೂ ತಿಳಿಯುವುದಿಲ್ಲ.’

ಜಹೀದಾ ಆ ಎರಡು ಕೈಗಳನ್ನೇ ನೋಡುತ್ತಿದ್ದರು. “ನೀನ್ ಯಾರಮ್ಮ?”

ಯಾರೋ ಒಬ್ಬಳು ಎಂದು ಹೇಳಿ ಹೊರಟುಬಿಡಬಹುದಿತ್ತು. ಬಾಗಿಲಲ್ಲಿ ಅಕ್ಕಪಕ್ಕದವರು ಇಣುಕುತ್ತಿದ್ದರು. ಧನುಶ್ರೀ ಇನ್ನೊಂದು ಕೈಯಿಂದ ಮುಖದ ದುಪಟ್ಟಾ ತೆಗೆದಳು.

“ಧನುಶ್ರೀ. ಕಲ್ಯದ ಪುಟ್ಟಸ್ವಾಮಿ ಗೌಡ್ರ ಮಗಳು,” ಎಂದಳು, ಬೀದಿಗೂ ಕೇಳುವ ಹಾಗೆ.