ಗುಮ್ಮನ ಹೆಂಡತಿ

"ಇವತ್ತು ನಿಮ್ಮ ಲ್ಯಾಪ್‌ಟಾಪನ್ನ ಆಫೀಸ್ ವೈಫೈಗೆ ಹಾಕ್ಬೇಡಿ."

ಅವಳು ತಲೆಯೆತ್ತಿದಳು. ಮೇಜಿನ ಪಕ್ಕ ನಿಂತಿದ್ದವನು ಗುಮ್ಮ!

ಗಾಜಿನ ಕೋಣೆಯಲ್ಲಿ ಕೂತು ಇಡೀ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವ, ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಆಸಾಮಿ. ಯಾರಾದರೂ ಕೆಲಸದ ನಡುವೆ ಸಿನಿಮಾ ಹಾಕಿದರೆ ಪಕ್ಕದವರು "ಗುಮ್ಮ ನೋಡ್ತಾನೆ!" ಎಂದು ಹೆದರಿಸುತ್ತಿದ್ದರು. ಹೆಸರು ಹಾಗೇ ಅಂಟಿಕೊಂಡಿತ್ತು.

ತಾನಾಗಿ ಬಂದು ಅವಳ ಜೊತೆ ಮಾತಾಡಿದ್ದು ಇದೇ ಮೊದಲು.

"ಯಾಕೆ?"

"ಕಾಣಿಸುತ್ತೆ..." ಎಂದ. ಇನ್ನೇನೋ ಹೇಳಲು ಹೊರಟಿದ್ದ. ಅಷ್ಟರಲ್ಲಿ ಯಜಮಾನರು ಕೂಗಿದರು, ಮಹಾಶಯ ಹೊರಟೇಬಿಟ್ಟ.

ಕಾಣಿಸುತ್ತಾ? ಏನು ಕಾಣಿಸುತ್ತೆ?!

ಬೆಡ್‌ಶೀಟುಗಳಿಗೆ ಹೂವು, ಬಳ್ಳಿ ಬಿಡಿಸುವುದು ಅವಳ ಕೆಲಸ. ಆಫೀಸಿನ ಕಂಪ್ಯೂಟರ್ ಎರಡು ಎಲೆ ಬಿಡಿಸುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಅದಕ್ಕೇ ಮನೆಯ ಲ್ಯಾಪ್‌ಟಾಪ್ ತರುತ್ತಿದ್ದಳು. ಅದು ಕೆಟ್ಟಾಗ ತಂಗಿಯೇ ಸರಿಮಾಡಿ ಕೊಟ್ಟಿದ್ದಳು. "ಒಂದು ಹೆಸರೂ ಇಟ್ಟಿದ್ದೀನಿ ಅಕ್ಕಾ" ಎಂದು ಕಿಸಕ್ಕನೆ ನಕ್ಕಿದ್ದಳು. ಲ್ಯಾಪ್‌ಟಾಪಿಗೆ ಎಂಥ ಹೆಸರು ಎಂದು ಇವಳು ಕೇಳಲೂ ಇಲ್ಲ.

ಊಟದ ಬಿಡುವಿನಲ್ಲಿ ಅದರಿಂದಲೇ ತಂಗಿಯ ಜೊತೆ ಚಾಟಿಂಗ್. ವಿಷಯ? ಇನ್ಯಾರದು...

'ಇವತ್ತು ಗುಮ್ಮ ನಕ್ಕ ಕಣೇ. ನನ್ನ ನೋಡಿ ಅಲ್ಲ, ಪ್ರಿಂಟರ್ ನೋಡಿ.'

ಮರುಕ್ಷಣ ಇವಳದೇ ಇನ್ನೊಂದು, 'ಆ ಪ್ರಿಂಟರ್ ಆದ್ರೂ ಆಗಬಾರದಿತ್ತಾ ನಾನು!'

ಅಯ್ಯೋ ದೇವರೇ... ಇದನ್ನೆಲ್ಲ ಅವನು ಓದಿದ್ದಾನಾ? ಓದಿ ಓದಿ ಗಾಜಿನ ಹಿಂದೆ ಕೂತು ನಕ್ಕಿದ್ದಾನಾ?

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನೀರು ಕುಡಿಯಲು ಎದ್ದಳು, ಕುಡಿಯದೆ ಬಂದಳು. ಗುಲಾಬಿ ಹೂವಿಗೆ ಹುಲ್ಲಿನ ಎಲೆ ಬಿಡಿಸಿದಳು. ಗಾಜಿನಾಚೆ ಅವನ ಬೆನ್ನು ಕಂಡಾಗಲೆಲ್ಲ ಮೈ ಉರಿಯಿತು. 'ಕಳ್ಳ! ನನ್ನ ಮನಸ್ಸನ್ನ ಕದ್ದು ಓದೋಕೆ ನಿನಗ್ಯಾರು ಹಕ್ಕು ಕೊಟ್ಟರು?'

ಫೋನಿನಲ್ಲಿ ತಂಗಿಗೆ ಹೇಳಿಕೊಂಡರೆ ಅವಳದು ಬೇರೆಯೇ ರಾಗ. "ಓದಿದ್ರೆ ಒಳ್ಳೇದೇ ಆಯ್ತಲ್ಲಕ್ಕ! ನೀನಂತೂ ಬಾಯಿ ಬಿಡಲ್ಲ."

ಈ ಗಲಿಬಿಲಿಯಲ್ಲಿ ವೈಫೈ ತೆಗೆಯುವುದೇ ಮರೆತುಹೋಯಿತು.

ಮಧ್ಯಾಹ್ನ ಯಜಮಾನರು ಎಲ್ಲರನ್ನೂ ಮೀಟಿಂಗಿಗೆ ಕರೆದರು. ನೆಟ್ ಯಾಕೆ ಆಮೆಯ ಹಾಗೆ ಓಡುತ್ತಿದೆ ಎಂದು ಅವರಿಗೆ ಇವತ್ತೇ ಗೊತ್ತಾಗಬೇಕಿತ್ತು. ಗುಮ್ಮ ಒಲ್ಲದ ಮನಸ್ಸಿನಿಂದ ದೊಡ್ಡ ಪರದೆ ಹಾಕಿದ. ವೈಫೈಗೆ ಸೇರಿಕೊಂಡ ಫೋನು, ಲ್ಯಾಪ್‌ಟಾಪುಗಳ ಹೆಸರೆಲ್ಲ ಸಾಲಾಗಿ ಬಂದವು. ನಡುವೆ ದಪ್ಪಕ್ಕೆ...

'ಗುಮ್ಮನ ಹೆಂಡತಿ'.

ಕೋಣೆಯಲ್ಲಿ ನಗೆ ಸಿಡಿಯಿತು. ಅವಳಿಗೆ ತಂಗಿಯ ಆ ಕಿಸಕ್ಕನೆಯ ನಗು ನೆನಪಾಯಿತು. ತಂಗೀ... ಮನೆಗೆ ಬರ್ತೀನಿ ಇರು!

"ಯಾರಿದು ಗುಮ್ಮ?" ಯಜಮಾನರು ಕೇಳಿದರು.

"ನಾನೇ ಸರ್."

"ನಿಮಗೆ ಮದುವೇನೇ ಆಗಿಲ್ವಲ್ಲ?"

"ಅದು... ನನ್ನ ಹಳೇ ಲ್ಯಾಪ್‌ಟಾಪ್ ಸರ್."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಕಿವಿ ಕೆಂಪಾದದ್ದನ್ನು ಅವಳೊಬ್ಬಳೇ ಕಂಡಳು.

ಯಜಮಾನರು ಮಾತ್ರ ನಗಲಿಲ್ಲ. "ಊಟದ ಹೊತ್ತಲ್ಲಿ ದಿನಾ ಇದೇ ಓಡ್ತಿದೆ. ಯಾವ ಯಾವ ಸೈಟಿಗೆ ಹೋಗಿದೆ, ತೆಗೆದು ತೋರಿಸಿ."

"ಸ್ವಂತದ್ದು ಸರ್. ತೋರಿಸಲ್ಲ."

"ಹಾಗಾದ್ರೆ ನಾಳೆಯಿಂದ ಈ ಕೆಲಸಕ್ಕೆ ಬೇರೆಯವರನ್ನ ನೋಡ್ಕೋತೀನಿ!"

ಅವನು ಮೌಸಿನಿಂದ ಕೈ ತೆಗೆದ.

ಇಷ್ಟು ಹೊತ್ತು ಯಾರನ್ನು ಕಳ್ಳ ಎಂದು ಶಪಿಸುತ್ತಿದ್ದಳೋ ಅವನೇ ಅವಳ ಗುಟ್ಟಿಗಾಗಿ ಅನ್ನ ಕಳೆದುಕೊಳ್ಳಲು ಹೊರಟಿದ್ದ. ಅವಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು.

"ಸರ್, ಅವರು ಸುಳ್ಳು ಹೇಳ್ತಿದ್ದಾರೆ. ಅದು ನನ್ನ ಲ್ಯಾಪ್‌ಟಾಪ್."

ನಗು ಗಪ್ಪನೆ ನಿಂತಿತು. ಯಜಮಾನರು ಅವಳನ್ನು ನೋಡಿದರು, ಅವನನ್ನು ನೋಡಿದರು, ಪರದೆ ನೋಡಿದರು. ಆಮೇಲೆ ತಾವೇ ಎದ್ದು ಪರದೆ ಆರಿಸಿದರು.

"ಸ್ವಂತ ಲ್ಯಾಪ್‌ಟಾಪ್‌ಗಳಿಗೆ ಬೇರೆ ವೈಫೈ ಹಾಕಿಸಿ. ಯಾರ ಪುರಾಣಾನೂ ನನಗೆ ಬೇಡ. ಹೊರಡಿ ಎಲ್ಲಾ!"

ಮೆಟ್ಟಿಲ ಬಳಿ ಅವಳು ಅವನನ್ನು ತಡೆದಳು. ಕಣ್ಣು ತುಂಬಿತ್ತು.

"ಎಲ್ಲಾ ಓದಿದ್ದೀರಾ?"

"ಒಂದಕ್ಷರನೂ ಇಲ್ಲ. ನೆಟ್‌ನಲ್ಲಿ ನೀವು ಯಾವ ಮನೆಗೆ ಹೋದ್ರಿ ಅಂತ ಕಾಣಿಸುತ್ತೆ, ಒಳಗೆ ಏನು ಮಾತಾಡಿದ್ರಿ ಅಂತ ಕಾಣಿಸಲ್ಲ. ಬೀಗ ಹಾಕಿರುತ್ತೆ. ಹೆಸರು ಮಾತ್ರ..."

"ಯಾವಾಗಿಂದ?"

"ನೀವು ಅದನ್ನ ತಂದ ಮೊದಲ ದಿನದಿಂದ."

"ಹೇಳಬಹುದಿತ್ತಲ್ಲ!" ಅವಳ ದನಿ ಒಡೆಯಿತು. "ನನಗೇ ಗೊತ್ತಿರಲಿಲ್ಲ. ನೀವು ದಿನಾ ನೋಡ್ಕೊಂಡು ಸುಮ್ಮನಿದ್ರಿ."

"ಹೇಳ್ಬೇಕಿತ್ತು. ತಪ್ಪು ನನ್ನದೇ." ಅವನು ತಲೆ ತಗ್ಗಿಸಿದ. "ಹೇಳಿದ್ರೆ ಬದಲಾಯಿಸ್ಬಿಡ್ತೀರಿ ಅಂತ... ಬೆಳಿಗ್ಗೆ ಆ ಹೆಸರು ಬಂದ್ರೆ ನೀವು ಬಂದ್ರಿ ಅಂತ. ಬರದಿದ್ದ ದಿನ ನನಗೆ ಕೆಲಸಾನೇ ಓಡ್ತಿರಲಿಲ್ಲ."

ವಾರದ ನಾಲ್ಕು ಮಾತಿನ ಲೆಕ್ಕ ಅಲ್ಲಿಗೆ ತಪ್ಪಿಹೋಗಿತ್ತು. ಅವಳ ಕೋಪವೂ ಎಲ್ಲೋ ದಾರಿ ತಪ್ಪಿತು. ಕಣ್ಣೊರೆಸಿಕೊಂಡು ಲ್ಯಾಪ್‌ಟಾಪನ್ನು ಅವನ ಕೈಗಿಟ್ಟಳು.

"ಬದಲಾಯಿಸಿ ಕೊಡಿ. ಊರಿಗೆಲ್ಲ ಕಾಣೋದು ಬೇಡ."

"ಇದಕ್ಕೆ ಬೇರೆ ಏನಾದ್ರೂ ಇಡೋಣ. ಆ ಹೆಸರು ಮಾತ್ರ..." ಅವನು ತಡವರಿಸಿದ.

"ಆ ಹೆಸರು?"

"ನೀವೇ ಇಟ್ಕೋತೀರಾ?"

ಅವಳು ಅವನ ಕೆಂಪು ಕಿವಿಯನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ, ಅವನೊಬ್ಬನಿಗೇ ಕೇಳುವಂತೆ ಹೇಳಿದಳು.

"ಇಟ್ಕೊಂಡೆ."